ಕಾಡುಹಂದಿ ಹೊಡೆಯಲು ಅನುಮತಿ ಸಡಿಲವಾದರೆ ನಮ್ಮ ಗೋಮಾಳಕ್ಕೂ ಕಾಡಿನಂಚಿಗೂ ಕೋವಿಯವರು ಬರಬಹುದೇ?

ಪ್ರಶ್ನೆ ಕೇಳಿದವರು: ನಾಗಮಂಗಲ ಸೀಮೆಯ ಕೃಷಿಕ

ಎಲ್ಲರಿಗೂ ನಮಸ್ಕಾರ.

ನಾನು ನಾಗಮಂಗಲ ತಾಲ್ಲೂಕಿನ ದಕ್ಷಿಣ ಭಾಗದಲ್ಲಿ, ಮೇಲುಕೋಟೆಯ ಬೆಟ್ಟಸಾಲು ಕಣ್ಣಿಗೆ ಕಾಣುವಷ್ಟು ಹತ್ತಿರದ ಒಂದು ಹಳ್ಳಿಯವನು. ನಮ್ಮೂರಿನ ಪಡುವಣಕ್ಕೆ ಗೋಮಾಳವಿದೆ. ಅದರ ಆಚೆಗೆ ಕುರುಚಲು ಕಾಡು, ಬಂಡೆಗಳ ಸಂದಿನಲ್ಲಿ ಹಂದಿಗಳ ಬೀಡು. ಈ ಸಲ ನನ್ನ ಕಡಲೆಕಾಯಿ ಹೊಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಹಂದಿಗಳು ಒಂದೇ ವಾರದೊಳಗೆ ಮಗುಚಿ ಹಾಕಿದವು. ಆದ್ದರಿಂದ, ಕೇರಳದಲ್ಲಿರುವಂತೆ ನಮ್ಮಲ್ಲಿಯೂ ಹಂದಿ ಹೊಡೆಯಲು ಅನುಮತಿ ಕೊಡಬೇಕೆಂಬ ಮನವಿ ಊರಲ್ಲಿ ಸಿದ್ಧವಾದಾಗ ನಾನೂ ಎರಡನೆಯ ಯೋಚನೆ ಇಲ್ಲದೆ ಸಹಿ ಹಾಕಿದೆ.

ಸಹಿ ಹಾಕಿದ ಮೇಲೆ ನಡೆದ ಮಾತು ನನ್ನನ್ನು ಚಿಂತೆಗೆ ಹಚ್ಚಿದೆ. ಹಂದಿಗಳು ಹೊಲಕ್ಕೆ ಬರುವುದು ರಾತ್ರಿ, ಹಗಲೆಲ್ಲ ಮಲಗುವುದು ಗೋಮಾಳದ ಪೊದೆಗಳಲ್ಲಿ ಮತ್ತು ಕಾಡಿನಂಚಿನಲ್ಲಿ. ಹೀಗಿರುವಾಗ ಹೊಲದಲ್ಲಿ ಕಾದು ಕೂರುವುದರಿಂದ ಪ್ರಯೋಜನವಿಲ್ಲ, ಪಟ್ಟಣದಿಂದ ಪರವಾನಗಿ ಕೋವಿ ಇರುವವರನ್ನು ಕರೆಸಿ ಅವು ಮಲಗುವ ಜಾಗಕ್ಕೇ ನುಗ್ಗಿಸಬೇಕು ಎಂದು ಕೆಲವರು ಹೇಳುತ್ತಿದ್ದಾರೆ. ಸರ್ಕಾರಿ ಜಾಗ ತಾನೇ, ಯಾರನ್ನು ಕೇಳಬೇಕು ಎಂಬುದು ಅವರ ವಾದ. ಆದರೆ ಆ ಸರ್ಕಾರಿ ಜಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಊರಿನ ಅರ್ಧ ಜನ ಇರುತ್ತಾರೆ. ಕುರಿ ಮೇಯಿಸುವವರು, ಸೌದೆಗೆ ಹೋಗುವ ಹೆಂಗಸರು, ಹೊಂಗೆ ಬೀಜ ಆಯುವ ಮುದುಕಿಯರು, ಶಾಲೆ ಬಿಟ್ಟ ಮೇಲೆ ದನ ಹೊಡೆದುಕೊಂಡು ಹೋಗುವ ಮಕ್ಕಳು, ಇವರಲ್ಲಿ ಯಾರೂ ಆ ಮನವಿಗೆ ಸಹಿ ಹಾಕಿಲ್ಲ; ಯಾರೂ ಅವರನ್ನು ಕೇಳಿಯೂ ಇಲ್ಲ. ನಾನೂ ಕೇಳಲಿಲ್ಲವೆಂಬುದು ಈಗ ನನ್ನ ಮನಸ್ಸನ್ನು ಕೊರೆಯುತ್ತಿದೆ.

ಇಂತಹ ಅನುಮತಿ ದೊರೆತರೆ ಅದು ಬೆಳೆ ಇರುವ ಹೊಲಕ್ಕೆ ಮಾತ್ರ ಸೀಮಿತವಾಗುತ್ತದೆಯೇ, ಅಥವಾ ಗೋಮಾಳಕ್ಕೂ ಮೀಸಲು ಅರಣ್ಯಕ್ಕೂ ಹಬ್ಬುತ್ತದೆಯೇ ಎಂಬುದನ್ನು ತಿಳಿದವರು ವಿವರಿಸಬೇಕು. ನಮ್ಮ ಆತಂಕವನ್ನು ಯಾರ ಮುಂದೆ, ಯಾವ ರೀತಿಯಲ್ಲಿ ಇಡಬೇಕೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ಬೆಳೆ ಕಳೆದುಕೊಂಡವನೇ ಈ ಪ್ರಶ್ನೆ ಕೇಳುತ್ತಿದ್ದೇನೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಉತ್ತರ: ಮೈಸೂರಿನ ವಕೀಲ

ತಮ್ಮ ಪ್ರಶ್ನೆಗೆ ಕಾನೂನಿನ ಮಟ್ಟಿಗೆ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಆಚರಣೆಯಲ್ಲಿ ಅದು ಮಸುಕಾಗುತ್ತದೆ ಎಂಬುದು ಬೇರೆ ಮಾತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ, ಮತ್ತು ಆ ನಿಷೇಧ ಅರಣ್ಯಕ್ಕಷ್ಟೇ ಅಲ್ಲ, ನಿಮ್ಮ ಸ್ವಂತ ಹೊಲಕ್ಕೂ ಅನ್ವಯಿಸುತ್ತದೆ. ಕಾಯ್ದೆಯಲ್ಲಿ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ವಿಷವಿಕ್ಕುವುದು, ಉರುಳು ಹಾಕುವುದು, ಸೋವಿ (ಪೊದೆಯಿಂದ ಎಬ್ಬಿಸಿ) ಓಡಿಸುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ, ಅಂದರೆ ಕಾಯ್ದೆಯ ರಕ್ಷಣೆ ಇರುವ ಪ್ರಾಣಿಗಳ ಎರಡನೆಯ ಪಟ್ಟಿಯಲ್ಲಿ. ಆ ಅನುಸೂಚಿಯ ಪ್ರಾಣಿಯೊಂದು ಮನುಷ್ಯನ ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾದಾಗ, 11ನೇ ಸೆಕ್ಷನ್ನಿನ ಅಡಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಕಾರಣಗಳನ್ನು ದಾಖಲಿಸಿ, ಲಿಖಿತ ಆದೇಶದ ಮೂಲಕ ಅದನ್ನು ಹೊಡೆಯಲು ಅನುಮತಿ ಕೊಡಬಹುದು. ಯಾವುದೇ ಜಮೀನಿನ ಮೇಲೆ ನಿಂತಿರುವ ಬೆಳೆಯೂ ಆಸ್ತಿಯೊಳಗೆ ಸೇರುತ್ತದೆಂದು ಕಾಯ್ದೆಯೇ ಹೇಳಿದೆ.

ನಿಮಗೆ ಮುಖ್ಯವಾದದ್ದು ಆ ಸೆಕ್ಷನ್ನಿನ ಎರಡು ಪದಗಳು, ‘ನಿರ್ದಿಷ್ಟ ಪ್ರದೇಶ’ ಎಂಬುವು. ಅನುಮತಿ ಪ್ರಾಣಿಗೆ ಅಥವಾ ಪ್ರಾಣಿಗಳ ಗುಂಪಿಗೆ, ನಿರ್ದಿಷ್ಟ ಪ್ರದೇಶಕ್ಕೆ ಸಂಬಂಧಿಸಿರಬೇಕು. ಗೋಮಾಳದಲ್ಲಿ ನಿಂತ ಬೆಳೆಯಿಲ್ಲ. ಹಂದಿ ಅಲ್ಲಿ ಮಲಗುತ್ತದೆ ಎಂಬುದೊಂದನ್ನೇ ಹಿಡಿದು ಗೋಮಾಳವನ್ನು ಆ ಪ್ರದೇಶದೊಳಗೆ ಸೇರಿಸಬೇಕಾದರೆ ಅಧಿಕಾರಿ ಅದಕ್ಕೆ ಕಾರಣವನ್ನು ಬರೆಯಬೇಕಾಗುತ್ತದೆ, ಮತ್ತು ಆ ಕಾರಣವನ್ನು ಪ್ರಶ್ನಿಸಲು ಅವಕಾಶವಿರುತ್ತದೆ. ಮೀಸಲು ಅರಣ್ಯದಲ್ಲಂತೂ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಬೇಟೆಯನ್ನು, ಉರುಳು ಇಡುವುದನ್ನು ಪ್ರತ್ಯೇಕವಾಗಿ ನಿಷೇಧಿಸಿದೆ. ಮೇಲುಕೋಟೆಯ ಸುಮಾರು 50 ಚದರ ಕಿಲೋಮೀಟರಿನ ಪ್ರದೇಶವು 1974ರಿಂದ ವನ್ಯಜೀವಿ ಧಾಮವಾಗಿದೆ. ಅದರೊಳಗೆ ಲಿಖಿತ ಪೂರ್ವಾನುಮತಿಯಿಲ್ಲದೆ ಆಯುಧ ಹಿಡಿದು ಕಾಲಿಡುವುದೇ ಅಪರಾಧ. ಧಾಮದ ಗಡಿಯಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಕೋವಿ ಪರವಾನಗಿದಾರರು 34ನೇ ಸೆಕ್ಷನ್ನಿನಂತೆ ತಮ್ಮ ಹೆಸರನ್ನು ನೋಂದಾಯಿಸಬೇಕು, ಮತ್ತು ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡುವ ಮುನ್ನ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಬೇಕು.

ಇನ್ನು ಕೇರಳದ ವಿಚಾರ. ಕಾಡುಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು, ಅಂದರೆ ಬೇಟೆಯ ನಿಷೇಧ ಅನ್ವಯಿಸದ ಪ್ರಾಣಿಯೆಂದು, ಘೋಷಿಸಬೇಕೆಂದು ಆ ರಾಜ್ಯವು ಕೇಂದ್ರವನ್ನು ಹಲವು ಬಾರಿ ಕೇಳಿತು, ಕೇಂದ್ರ ಒಪ್ಪಲಿಲ್ಲ. 62ನೇ ಸೆಕ್ಷನ್ನಿನ ಆ ಅಧಿಕಾರ ಕೇಂದ್ರದ್ದು, ರಾಜ್ಯದ್ದಲ್ಲ. ಆದ್ದರಿಂದ 2022ರಲ್ಲಿ ಕೇರಳ ಬೇರೆ ದಾರಿ ಹಿಡಿದು, ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರನ್ನು ಗೌರವ ವನ್ಯಜೀವಿ ಪರಿಪಾಲಕರನ್ನಾಗಿ ನೇಮಿಸಿ, ಇದೇ 11ನೇ ಸೆಕ್ಷನ್ನಿನ ಚೌಕಟ್ಟಿನಲ್ಲಿ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿಯ ಮಟ್ಟಕ್ಕೆ ಇಳಿಸಿತು. ಅದು ಕಾಡಿನ ಹೊರಗಿನ ಕೃಷಿ ಮತ್ತು ಜನವಸತಿ ಪ್ರದೇಶಗಳಿಗಾಗಿ ಮಾಡಿದ ವ್ಯವಸ್ಥೆ, ಮತ್ತು ವಿಷ, ಸಿಡಿಮದ್ದು, ವಿದ್ಯುತ್ ಹರಿಸುವುದು ಅದರಲ್ಲಿ ನಿಷಿದ್ಧ. ಹಾಗಾಗಿ ‘ಕೇರಳದಂತೆ’ ಎಂದು ಹೇಳಿ ಕಾಡಿನಂಚಿಗೆ ಕೋವಿ ತರುವವರು ಕೇರಳದಲ್ಲಿ ಇಲ್ಲದ್ದನ್ನು ಕೇಳುತ್ತಿದ್ದಾರೆ.

ಇನ್ನೊಂದು ಮಾತು. ಅನುಮತಿ ಪಡೆದು ಹೊಡೆದ ಹಂದಿ ಸರ್ಕಾರದ ಸ್ವತ್ತು. ಮಾಂಸವನ್ನು ಹಂಚಿಕೊಳ್ಳುವ ಲೆಕ್ಕ ಹಾಕಿಕೊಂಡು ಬರುವವರಿಗೆ ಇದನ್ನು ಮೊದಲೇ ತಿಳಿಸಿಬಿಡಿ. ಬರುವವರ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ.

ಉತ್ತರ: ಸರಗೂರು ಭಾಗದ ರೈತ

ವಕೀಲರು ಬರೆದದ್ದು ಸರಿಯಿರಬಹುದು, ಆದರೆ ರಾತ್ರಿ ಅಟ್ಟಣೆಯ ಮೇಲೆ ಕೂರುವವನಿಗೆ ಸೆಕ್ಷನ್ನುಗಳು ಕಾವಲು ನಿಲ್ಲುವುದಿಲ್ಲ. ನಮ್ಮದು ನಾಗರಹೊಳೆ ಮತ್ತು ಬಂಡೀಪುರದ ನಡುವಿನ ಸೀಮೆ. ಮುಸುಕಿನ ಜೋಳ ಹಾಲು ತುಂಬುವ ಹೊತ್ತಿನಿಂದ ಕೊಯ್ಲಿನವರೆಗೆ ಮನೆಯ ಗಂಡಸರು ಮನೆಯಲ್ಲಿ ಮಲಗುವುದಿಲ್ಲ. ಆನೆಗೆ ಕಂದಕವಿದೆ, ರೈಲು ಕಂಬಿಯ ತಡೆಗೋಡೆಯಿದೆ, ಸೌರ ಬೇಲಿಯಿದೆ. ಹಂದಿಗೆ ಏನೂ ಇಲ್ಲ. ಕಂಬಿಯ ಕೆಳಗೆ ನುಸುಳುತ್ತದೆ, ಬೇಲಿಯ ಕೆಳಗೆ ಮಣ್ಣು ತೋಡಿ ದಾರಿ ಮಾಡಿಕೊಳ್ಳುತ್ತದೆ. ಒಂದು ಹೆಣ್ಣು ಹಂದಿ ಒಂದು ಸೂಲಿಗೆ ನಾಲ್ಕೈದು ಮರಿ ಹಾಕುತ್ತದೆ, ಆ ಮರಿಗಳು ವರ್ಷ ತುಂಬುವ ಹೊತ್ತಿಗೆ ತಾವೇ ಮರಿ ಹಾಕಲು ಸಿದ್ಧವಾಗುತ್ತವೆ.

ನಾನು ಒಮ್ಮೆ ನಿಯಮದಂತೆ ಅರ್ಜಿ ಕೊಟ್ಟು ನೋಡಿದ್ದೇನೆ. ಅರ್ಜಿಯನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳುಹಿಸುವಷ್ಟರಲ್ಲಿ ಬೆಳೆಯೇ ಮುಗಿದಿತ್ತು. ಕೈಯಲ್ಲಿ ಬೆಳೆರಕ್ಷಣೆಯ ಕೋವಿ ಇರುವ ನೆರೆಯವರೂ ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಒಪ್ಪಿಸಿ ಬರಬೇಕು, ಮತ್ತು ಚುನಾವಣೆ ಬೆಳೆಯ ಕಾಲ ನೋಡಿಕೊಂಡು ಬರುವುದಿಲ್ಲ. 2025ರ ಕೊನೆಯಲ್ಲಿ ನಮ್ಮ ಸೀಮೆಯಲ್ಲಿ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡಾಗ, ನವೆಂಬರಿನಲ್ಲಿ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸುವ ತೀರ್ಮಾನವನ್ನು ಸರ್ಕಾರ ಬೇಗನೆ ತೆಗೆದುಕೊಂಡಿತು. ಬೇಕೆಂದಾಗ ಬೇಗ ತೀರ್ಮಾನಿಸಲು ಸಾಧ್ಯವೆಂಬುದಕ್ಕೆ ಅದೇ ಸಾಕ್ಷಿ. ಬೆಳೆ ಹೋಗುವಾಗ ಮಾತ್ರ ಯಾಕೆ ಆಗುವುದಿಲ್ಲ?

ಆದರೂ ಪ್ರಶ್ನೆ ಕೇಳಿದ ಅಣ್ಣನವರ ಆತಂಕವನ್ನು ನಾನು ತಳ್ಳಿಹಾಕಲಾರೆ. ಪಟ್ಟಣದ ಕೋವಿಯವರು ನಮಗೂ ಬೇಡ. ಅವರಿಗೆ ನಮ್ಮ ಬದುಗಳ ಪರಿಚಯವಿಲ್ಲ, ಯಾವ ಮರದ ಕೆಳಗೆ ಯಾವ ಕಾವಲುಗಾರ ಮಲಗುತ್ತಾನೆಂಬ ತಿಳಿವಳಿಕೆಯಿಲ್ಲ. ನಮಗೆ ಬೇಕಾದದ್ದು ಅರ್ಜಿ ಕೊಟ್ಟ ಕೆಲವೇ ದಿನಗಳಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರ, ಮತ್ತು ಹೌದು ಎಂದಾದರೆ ಹೊಣೆ ಹೊತ್ತು ಬಂದು ನಿಲ್ಲುವ ಇಲಾಖೆಯ ಸಿಬ್ಬಂದಿ. ಬೇಟೆ ನಮಗೆ ಮೋಜಲ್ಲ. ಹಂದಿಗಳು ಹೊಲ ಬಿಟ್ಟು ಹೋದರೆ ನಾವು ಮನೆಗೆ ಹೋಗಿ ಮಲಗುತ್ತೇವೆ.

ಉತ್ತರ: ಅರಣ್ಯ ಇಲಾಖೆಯಿಂದ ನಿವೃತ್ತನಾದವನು, ಹುಣಸೂರು

ನಾನು ಕಾವಲುಗಾರನಾಗಿ ಸೇರಿ, ಉಪವಲಯ ಅರಣ್ಯಾಧಿಕಾರಿಯಾಗಿ ನಿವೃತ್ತನಾದವನು. ಸರಗೂರಿನವರು ಹೇಳಿದ ವಿಳಂಬ ನಿಜ. ನಮ್ಮ ಕಡೆಯ ಆ ತಪ್ಪನ್ನು ಒಪ್ಪಿಕೊಂಡೇ ಮುಂದಿನದನ್ನು ಬರೆಯುತ್ತೇನೆ.

1972ರಲ್ಲಿಯೇ ಬೇಟೆ ಪೂರ್ತಿ ನಿಂತಿತೆಂದು ಬಹಳ ಜನ ಭಾವಿಸಿದ್ದಾರೆ. ಹಾಗಲ್ಲ. ಮೂಲ ಕಾಯ್ದೆಯಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ, ಬಲೆ ಹಾಕಿ ಹಿಡಿಯುವುದು ಎಂದು ಬೇರೆ ಬೇರೆ ಪರವಾನಗಿಗಳಿಗೆ ಅವಕಾಶವಿತ್ತು. ಆ ಪರವಾನಗಿಗಳ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿಯಿಂದ. ಇದನ್ನು ನೆನಪಿಸುವುದಕ್ಕೆ ಕಾರಣವಿದೆ. ಪರವಾನಗಿ ಪದ್ಧತಿ ಇದ್ದಾಗ ಕಾಡಿನಲ್ಲಿ ಕೇಳಿದ ಗುಂಡಿನ ಸದ್ದು ಯಾರದ್ದೆಂದು ಗೊತ್ತಾಗುತ್ತಿರಲಿಲ್ಲ. ಆ ಪದ್ಧತಿ ಹೋದ ಮೇಲೆ ಗಸ್ತಿನಲ್ಲಿರುವವನಿಗೆ ಒಂದು ಅನುಕೂಲವಾಯಿತು. ರಾತ್ರಿ ಗುಂಡಿನ ಸದ್ದು ಕೇಳಿದರೆ ಅದು ಕಳ್ಳಬೇಟೆಯೇ ಎಂದು ತಿಳಿದು, ಸದ್ದಿನ ದಿಕ್ಕಿಗೆ ಓಡುತ್ತಿದ್ದೆವು. ಈಗ ಕಾಡಿನಂಚಿನಲ್ಲಿ ಅನುಮತಿಯ ಗುಂಡು ಹಾರತೊಡಗಿದರೆ, ಪ್ರತಿ ಸದ್ದಿಗೂ ಮೊದಲು ದೂರವಾಣಿ ಮಾಡಿ ಇದು ನಿಮ್ಮವರದೇ ಎಂದು ವಿಚಾರಿಸಬೇಕಾಗುತ್ತದೆ. ಅಷ್ಟು ಹೊತ್ತು ಸಾಕು, ಜಿಂಕೆ ಹೊಡೆದವನು ಚೀಲ ಕಟ್ಟಿಕೊಂಡು ರಸ್ತೆ ಸೇರಿರುತ್ತಾನೆ. ಹಂದಿಗೆಂದು ಅನುಮತಿ ಪಡೆದವನ ಟಾರ್ಚಿನ ಬೆಳಕಿನಲ್ಲಿ ಮೊದಲು ಹೊಳೆಯುವುದು ಕಡವೆಯ ಕಣ್ಣಾದರೆ ಅವನ ಬೆರಳು ಏನು ಮಾಡುತ್ತದೆ ಎಂಬುದನ್ನು ಯಾವ ಆದೇಶವೂ ತಡೆಯಲಾರದು.

ಮೇಲುಕೋಟೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಧಾಮವನ್ನು ಘೋಷಿಸಿದ್ದು ತೋಳಕ್ಕಾಗಿ. ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ಅದು ಬಯಲು, ಕುರುಚಲು, ಕುರಿಮಂದೆ ಇರುವ ಕಡೆ ಬದುಕುತ್ತದೆ, ಅಂದರೆ ನೀವು ಹೇಳುವ ಗೋಮಾಳದಂತಹ ಜಾಗದಲ್ಲಿಯೇ. ಅಲ್ಲಿಗೆ ಜನರನ್ನೂ ನಾಯಿಗಳನ್ನೂ ಕರೆತಂದು ಸೋವಿದರೆ ಹಂದಿ ಒಂದು ವಾರದಲ್ಲಿ ಮರಳಿ ಬರುತ್ತದೆ, ಮರಿ ಹಾಕಿದ ತೋಳ ಬರುವುದಿಲ್ಲ.

ಅನುಮತಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಅನುಮತಿಯ ದಾರಿ ಪೂರ್ತಿ ಮುಚ್ಚಿದಾಗ ಜನ ಹಿಡಿಯುವ ದಾರಿ ಇನ್ನೂ ಕ್ರೂರವಾದದ್ದು. ಬೈಕಿನ ಕ್ಲಚ್ ತಂತಿಯ ಉರುಳನ್ನು ಹಂದಿಗೆಂದು ಬೇಲಿಯ ಸಂದಿನಲ್ಲಿ ಕಟ್ಟುತ್ತಾರೆ. ಅದಕ್ಕೆ ಚಿರತೆ ಸಿಕ್ಕಿ, ಸೊಂಟ ಕತ್ತರಿಸಿ, ಬೆಳಗಿನವರೆಗೆ ನರಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದು ಇಟ್ಟ ಹಣ್ಣನ್ನು ಕಚ್ಚಿ ಗರ್ಭಿಣಿ ಆನೆಯೊಂದು ನೀರಿನಲ್ಲಿ ನಿಂತು ಸತ್ತದ್ದನ್ನು ದೇಶವೇ ನೋಡಿತು. ಅಂತಹ ಸಿಡಿಮದ್ದನ್ನು ಇಡುತ್ತಿದ್ದುದು ಹಂದಿಗಳಿಗೆ. ಆದ್ದರಿಂದ ಬೆಳೆ ಇರುವ ಹೊಲದಲ್ಲಿ, ಬೆಳೆ ಇರುವ ತಿಂಗಳುಗಳಲ್ಲಿ, ಇಲಾಖೆಯ ಸಿಬ್ಬಂದಿಯ ಎದುರಿನಲ್ಲಿ ಹೊಡೆಯುವ ವ್ಯವಸ್ಥೆ ಬೇಗ ಕೈಗೆ ಸಿಗುವಂತಿರಬೇಕು. ಬೆಳೆಯ ಗೆರೆ ದಾಟಿ ಕಾಡಿನ ಕಡೆಗೆ ಒಂದು ಹೆಜ್ಜೆಯನ್ನೂ ಇಡಬಾರದು.

ಉತ್ತರ: ಆದಿವಾಸಿ ಹಾಡಿಯ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ

ಇಲ್ಲಿಯವರೆಗೆ ಯಾರೂ ಎತ್ತದ ಒಂದು ವಿಷಯವನ್ನು ಹೇಳಬೇಕೆನಿಸಿತು. ನಾನು ಹುಣಸೂರು ತಾಲ್ಲೂಕಿನಲ್ಲಿ, ನಾಗರಹೊಳೆಯ ಕಾಡಿನಿಂದ ಹೊರಗೆ ಬಂದು ನೆಲೆಸಿದ ಜೇನುಕುರುಬ ಕುಟುಂಬಗಳ ಮಕ್ಕಳಿಗೆ ಕಲಿಸುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರಿಗೆ ಜೇನು, ಗೆಡ್ಡೆ, ಸೀಗೆ, ಮೇವು, ನೀರು, ದೇವರ ಜಾಗ ಎಲ್ಲದರ ಮೇಲೂ ಹಕ್ಕನ್ನು ಮಾನ್ಯ ಮಾಡಿದರೂ, ಅವರ ಸಾಂಪ್ರದಾಯಿಕ ಬೇಟೆಯನ್ನು ಮಾತ್ರ ಸ್ಪಷ್ಟ ಪದಗಳಲ್ಲಿ ಹೊರಗಿಟ್ಟಿತು. ಹಿರಿಯರು ಅದನ್ನು ಒಪ್ಪಿಕೊಂಡು ನಡೆದಿದ್ದಾರೆ. ಮೊಲವೊಂದನ್ನು ಹಿಡಿದ ಕಾರಣಕ್ಕೆ ಪ್ರಕರಣ ಎದುರಿಸಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ ಅಜ್ಜನೊಬ್ಬರನ್ನು ನಾನು ಬಲ್ಲೆ.

ಅದೇ ಕಾಡಿನ ಅಂಚಿಗೆ ನಾಳೆ ಊರಿನ ಹೊರಗಿನವರು ಪರವಾನಗಿ ಕೋವಿ ಹಿಡಿದು, ಜೀಪಿನಲ್ಲಿ ಬಂದು ನಿಂತರೆ, ಆ ಅಜ್ಜನಿಗೆ ನಾವು ಏನೆಂದು ವಿವರಿಸಬೇಕು? ಹೀಗಾಗುವುದು ಬರೀ ನನ್ನ ಕಲ್ಪನೆಯಲ್ಲ. 2016ರ ಜೂನಿನಲ್ಲಿ ಬಿಹಾರದ ಮೊಕಾಮಾ ಪ್ರದೇಶದಲ್ಲಿ ಬೆಳೆ ಮೇಯುವ ನೀಲಗಾಯಿಗಳನ್ನು (ಜಿಂಕೆಯಂತಹ ದೊಡ್ಡ ಕಾಡುಪ್ರಾಣಿ) ಕೊಲ್ಲಲು ದೂರದಿಂದ ಕೋವಿಗಾರರನ್ನು ಕರೆಸಲಾಯಿತು. ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು, ಕೇಂದ್ರದ ಇಬ್ಬರು ಸಚಿವರೇ ಬಹಿರಂಗವಾಗಿ ಭಿನ್ನಮತ ತೋರಿದರು. ಅಲ್ಲಿನ ರೈತರ ನಷ್ಟವೂ ನಿಜವಾದದ್ದೇ ಆಗಿತ್ತು. ಆದರೂ ಯಾರು, ಎಲ್ಲಿ, ಎಷ್ಟು ದಿನ ಎಂಬ ಪ್ರಶ್ನೆಗಳನ್ನು ಊರಿನವರ ಮುಂದಿಟ್ಟು ಕೇಳಿದ್ದರೆ ಅದೇ ಕೆಲಸದ ಸ್ವರೂಪ ಬೇರೆಯಾಗುತ್ತಿತ್ತು ಎಂದು ನನಗೆ ಅನಿಸುತ್ತದೆ.

ಗೋಮಾಳಕ್ಕೆ ಹೋಗುವ ಹೆಂಗಸರನ್ನು ಯಾರೂ ಕೇಳಿಲ್ಲವೆಂದು ತಾವು ಬರೆದಿದ್ದೀರಿ. ದಯವಿಟ್ಟು ಕೇಳಿ. ಯಾವ ಹೊತ್ತಿನಲ್ಲಿ ಯಾರು ಎಲ್ಲಿರುತ್ತಾರೆಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಮೇಡಂ ಅವರ ಮಾತಿನಂತೆ ನಿನ್ನೆ ಸಂಜೆ ಕುರಿ ಮೇಯಿಸುವ ಇಬ್ಬರನ್ನೂ ಸೌದೆಗೆ ಹೋಗುವ ನಮ್ಮ ಬೀದಿಯ ಹೆಂಗಸರನ್ನೂ ಕೂರಿಸಿಕೊಂಡು ಮಾತನಾಡಿದೆ. ನನಗೆ ಗೊತ್ತಿಲ್ಲದ ಒಂದು ಸಂಗತಿ ತಿಳಿಯಿತು. ಬೇಸಿಗೆಯಲ್ಲಿ ಕುರಿಯವರು ಗೋಮಾಳದ ಬಂಡೆಯ ಪಕ್ಕದಲ್ಲಿಯೇ ಮಂದೆ ಹಾಕಿ ರಾತ್ರಿಯೂ ಅಲ್ಲಿಯೇ ಮಲಗುತ್ತಾರಂತೆ, ಕಂಬಳಿ ಹೊದ್ದು, ಬೆಂಕಿಯನ್ನೂ ಹಾಕದೆ. ಕತ್ತಲಲ್ಲಿ ಕಂಬಳಿ ಹೊದ್ದು ಮಲಗಿದ ಮನುಷ್ಯನೂ ಪೊದೆಯಲ್ಲಿ ಮಲಗಿದ ಹಂದಿಯೂ ಟಾರ್ಚಿನ ಬೆಳಕಿಗೆ ಎಷ್ಟು ಬೇರೆಯಾಗಿ ಕಾಣುತ್ತವೆ ಎಂದು ಕುರಿಯವರಲ್ಲೊಬ್ಬ ಹುಡುಗ ನನ್ನನ್ನೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಸಹಿಯನ್ನು ಹಿಂತೆಗೆದುಕೊಳ್ಳುವುದಿಲ್ಲ, ಏಕೆಂದರೆ ಬೆಳೆ ಹೋದದ್ದು ಸುಳ್ಳಲ್ಲ. ಆದರೆ ಮನವಿಯನ್ನು ತಿದ್ದಿ ಬರೆಯಲು ಉಳಿದವರನ್ನು ಒಪ್ಪಿಸಿದ್ದೇನೆ. ಅನುಮತಿ ಬೆಳೆ ನಿಂತಿರುವ ಸರ್ವೆ ನಂಬರುಗಳಿಗೆ ಮಾತ್ರ ಇರಬೇಕು, ಇಲಾಖೆಯ ಸಿಬ್ಬಂದಿ ಹಾಜರಿರಬೇಕು, ಗೋಮಾಳ ಮತ್ತು ಅರಣ್ಯ ಹೊರಗಿರಬೇಕು, ಹೊಡೆಯುವ ರಾತ್ರಿಯ ಬಗ್ಗೆ ಹಗಲಿನಲ್ಲಿಯೇ ಊರಲ್ಲಿ ಡಂಗುರ ಹೊಡೆಸಬೇಕು ಎಂದು ಸೇರಿಸುತ್ತಿದ್ದೇವೆ. ಗ್ರಾಮಸಭೆಯಲ್ಲಿ ಇದನ್ನು ನಿರ್ಣಯವಾಗಿ ಮಾಡಿದರೆ ಅಧಿಕಾರಿಗಳು ಅದಕ್ಕೆ ಬದ್ಧರಾಗಿರಬೇಕಾಗುತ್ತದೆಯೇ?

ಉತ್ತರ: ಮೈಸೂರಿನ ವಕೀಲ

11ನೇ ಸೆಕ್ಷನ್ನಿನ ಮಟ್ಟಿಗೆ ಗ್ರಾಮಸಭೆಯ ನಿರ್ಣಯ ಅಧಿಕಾರಿಯನ್ನು ಕಟ್ಟಿಹಾಕುವುದಿಲ್ಲ. ಆದರೆ ಕಾರಣ ಬರೆದು ಆದೇಶ ಕೊಡಬೇಕಾದವರ ಕಡತದಲ್ಲಿ ನಿಮ್ಮ ನಿರ್ಣಯ ಮೊದಲೇ ಇದ್ದರೆ, ಅದನ್ನು ನೋಡಲಿಲ್ಲವೆಂದು ಅವರು ಮುಂದೆ ಹೇಳುವಂತಿಲ್ಲ.

ಒಂದು ತಿದ್ದುಪಡಿ ಸೂಚಿಸುತ್ತೇನೆ. ಮನವಿಯನ್ನು ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಮಾತ್ರ ಕೊಡಬೇಡಿ. ಗೋಮಾಳ ಕಂದಾಯ ಇಲಾಖೆಯ ಅಧೀನದಲ್ಲಿರುವ ಜಾಗ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಸೆಕ್ಷನ್ನಿನಂತೆ ಊರಿನ ದನಗಳ ಮೇವಿಗೆಂದು ಮೀಸಲಿಟ್ಟ ಭೂಮಿಯನ್ನು ಜಿಲ್ಲಾಧಿಕಾರಿಗಳ ಮಂಜೂರಾತಿಯಿಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ‘ಸರ್ಕಾರಿ ಜಾಗ ತಾನೇ, ಯಾರನ್ನು ಕೇಳಬೇಕು’ ಎಂದವರಿಗೆ ಉತ್ತರವೂ ಇದೇ. ಆದ್ದರಿಂದ ಜಿಲ್ಲಾಧಿಕಾರಿಗಳಿಗೂ ತಹಶೀಲ್ದಾರರಿಗೂ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗೋಮಾಳದ ಸರ್ವೆ ನಂಬರು ಮತ್ತು ಪಹಣಿಯನ್ನು ಲಗತ್ತಿಸಿ. ಗ್ರಾಮ ನಕ್ಷೆಯ ಮೇಲೆ ಕುರಿಮಂದೆ ಹಾಕುವ ಬಂಡೆಯನ್ನೂ ಸೌದೆಗೆ ಹೋಗುವ ಕಾಲುದಾರಿಯನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿ. ಗುರುತು ಹಾಕುವಾಗ ನಿಮ್ಮನ್ನು ಪ್ರಶ್ನೆ ಕೇಳಿದ ಆ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.